ಜಾತಿ ಹೇಳಿ ಎದ್ದು ನಿಲ್ಲಿಸುವುದು ಬೇಡ

ಮಾನ್ಯರೇ,

ವಿದ್ಯಾರ್ಥಿವೇತನದ ಅರ್ಜಿ ತುಂಬುವ ಕಾಲ ಬಂತೆಂದರೆ ಎಷ್ಟೋ ತರಗತಿಗಳಲ್ಲಿ ಈ ಕೂಗು ಕೇಳುತ್ತದೆ: ‘ಎಸ್‌ಸಿ, ಎಸ್‌ಟಿ ಮಕ್ಕಳೆಲ್ಲ ಎದ್ದು ನಿಲ್ಲಿ. ಆರ್‌ಡಿ ನಂಬರ್ ತಂದಿಲ್ಲದವರು ಯಾರು?’ (ಜಾತಿ, ಆದಾಯ ಪ್ರಮಾಣಪತ್ರದ ಮೇಲಿರುವ ಸಂಖ್ಯೆ ಅದು.) ಶಿಕ್ಷಕರಿಗೆ ಅದು ವಿದ್ಯಾರ್ಥಿವೇತನದ ಪೋರ್ಟಲ್‌ಗೆ ಹಾಕಬೇಕಾದ ಮಾಹಿತಿ. ಕೂತೇ ಇರುವ ಮಕ್ಕಳಿಗೆ ಸಿಗುವ ಪಾಠ ಬೇರೆ.

ಗುಂಪುಗಳ ಬಗ್ಗೆ ಮಕ್ಕಳಲ್ಲಿ ಭೇದ ಹುಟ್ಟಲು ಯಾರೂ ದ್ವೇಷ ಕಲಿಸಬೇಕಾಗಿಲ್ಲ. ಅಮೆರಿಕದ ಮನೋವಿಜ್ಞಾನಿ ರೆಬೆಕಾ ಬಿಗ್ಲರ್ ಮತ್ತು ಸಂಗಡಿಗರು ಬೇಸಿಗೆ ಶಾಲೆಯೊಂದರ 6ರಿಂದ 9 ವರ್ಷದ ಮಕ್ಕಳಿಗೆ ನೀಲಿ, ಹಳದಿ ಟೀ ಶರ್ಟ್ ತೊಡಿಸಿ ನೋಡಿದರು (1997ರಲ್ಲಿ ಪ್ರಕಟವಾದ ಅಧ್ಯಯನ). ಕೆಲವು ತರಗತಿಗಳಲ್ಲಿ ಶಿಕ್ಷಕರು ಬಣ್ಣ ಹೇಳಿಯೇ ಸಾಲು ನಿಲ್ಲಿಸಿದರು, ಬಣ್ಣದ ಪ್ರಕಾರವೇ ಕೂರಿಸಿದರು. ಯಾವ ಬಣ್ಣವನ್ನೂ ಹೊಗಳಲಿಲ್ಲ, ತೆಗಳಲಿಲ್ಲ. ಆದರೂ ನಾಲ್ಕೇ ವಾರದಲ್ಲಿ ಮಕ್ಕಳು ತಮ್ಮ ಬಣ್ಣದವರ ಕಡೆ ವಾಲಿದರು. ಅದೇ ಅಂಗಿಗಳಿದ್ದೂ ಶಿಕ್ಷಕರು ಬಣ್ಣದ ಮಾತೆತ್ತದ ತರಗತಿಯಲ್ಲಿ ಹೀಗಾಗಲಿಲ್ಲ. ಅಂಗಿಯ ಬಣ್ಣವಾದರೂ ಕಣ್ಣಿಗೆ ಕಾಣುತ್ತದೆ. ಪಕ್ಕದಲ್ಲಿ ಕೂತ ಗೆಳೆಯನ ಜಾತಿ ಮುಖದ ಮೇಲೆ ಬರೆದಿರುವುದಿಲ್ಲ, ಅದನ್ನು ತೋರಿಸಿಕೊಡುವವರು ನಾವು.

ಮಾತಿನ ವರಸೆಯೂ ಅಷ್ಟೇ ಕೆಲಸ ಮಾಡುತ್ತದೆ. ಮನೋವಿಜ್ಞಾನಿ ಮಾರ್ಜೊರಿ ರೋಡ್ಸ್ ಮತ್ತು ಸಹೋದ್ಯೋಗಿಗಳ 2012ರ ಅಧ್ಯಯನದಲ್ಲಿ ನಾಲ್ಕು ವರ್ಷದ ಮಕ್ಕಳಿಗೆ ‘ಜಾರ್ಪಿ’ ಎಂಬ ಕಲ್ಪಿತ ಜನರ ಚಿತ್ರಪುಸ್ತಕ ಓದಿದರು. ‘ಈ ಜಾರ್ಪಿ ಹುಳಕ್ಕೆ ಹೆದರುತ್ತಾನೆ’ ಎಂದು ಕೇಳಿದವರಿಗಿಂತ, ‘ಜಾರ್ಪಿಗಳು ಹುಳಕ್ಕೆ ಹೆದರುತ್ತಾರೆ’ ಎಂದು ಕೇಳಿದವರು ಅದು ಹುಟ್ಟುಗುಣ ಎಂದು ಹೆಚ್ಚಾಗಿ ನಂಬಿದರು. ‘ಆ ಕೇರಿಯವರೇ ಅಷ್ಟು’ ಎಂಬ ಮನೆಮಾತು ಮಾಡುವುದೂ ಇದನ್ನೇ. ‘ಅವರ ಜಾತಿಯವರು ಓದಿನಲ್ಲಿ ಚುರುಕು’ ಎಂಬ ಹೊಗಳಿಕೆಯೂ ನಿರಪಾಯವಲ್ಲ.

ಶಾಲೆಗಳು ಈ ವಾರವೇ ಮಾಡಬಹುದಾದದ್ದಿದೆ. ದಾಖಲೆ ಕೇಳುವ ಚೀಟಿಯನ್ನು ಪೋಷಕರ ಹೆಸರಿಗೆ ಮುಚ್ಚಿದ ಲಕೋಟೆಯಲ್ಲಿ ಕಳಿಸಲಿ. ಆದರೆ ಲಕೋಟೆ ಎಲ್ಲ ಮಕ್ಕಳ ಕೈಗೂ ಹೋಗಬೇಕು, ಕೆಲವರಿಗಷ್ಟೇ ಕೊಟ್ಟರೆ ಅದೇ ಗುರುತಾಗುತ್ತದೆ. ಶಿಕ್ಷಣ ಹಕ್ಕು ಕಾಯ್ದೆಯಡಿ (ಆರ್‌ಟಿಇ) ಸೇರಿದ ಮಕ್ಕಳನ್ನು ‘ಆರ್‌ಟಿಇ’ ಎಂದು ಕರೆಯುವುದು ನಿಲ್ಲಲಿ. ಪ್ರಾಜೆಕ್ಟ್ ಗುಂಪು, ಬಿಸಿಯೂಟದ ಸಾಲು ಹೆಸರಿನ ಅಕ್ಷರಕ್ರಮದಲ್ಲಿರಲಿ. ತಾವೇ ಗುಂಪು ಮಾಡಿಕೊಳ್ಳಲು ಬಿಟ್ಟರೆ ಕೇರಿಯ ಗೆಳೆತನವೇ ತರಗತಿಯಲ್ಲೂ ಮುಂದುವರಿಯುತ್ತದೆ. ದೆಹಲಿಯ ಖಾಸಗಿ ಶಾಲೆಗಳಲ್ಲಿ ಅರ್ಥಶಾಸ್ತ್ರಜ್ಞ ಗೌತಮ್ ರಾವ್ ನಡೆಸಿದ ಅಧ್ಯಯನದಲ್ಲಿ (2019) ಬಡ ಸಹಪಾಠಿಗಳೊಡನೆ ಓದಿದ ಶ್ರೀಮಂತರ ಮಕ್ಕಳಲ್ಲಿ ಬಡ ಮಕ್ಕಳ ಬಗೆಗಿನ ತಾರತಮ್ಯ ಕಡಿಮೆಯಾಗಿತ್ತು. ಅಕ್ಷರಕ್ರಮದ ಅಧ್ಯಯನ ಗುಂಪುಗಳಲ್ಲಿ ಅವರು ಹತ್ತಿರದಿಂದ ಬೆರೆತದ್ದೂ ಇದಕ್ಕೆ ಕಾರಣ.

ಜಾತಿಯ ಮಾತೇ ಬೇಡವೆಂದು ನಾವು ಹೇಳುತ್ತಿಲ್ಲ. ‘ಅವರಿಗೆ ಮಾತ್ರ ಯಾಕೆ ದುಡ್ಡು?’ ಎಂದು ಮಗು ಕೇಳಿದಾಗ ಗದರಿಸಿ ಸುಮ್ಮನಿರಿಸಿದರೆ ಅದು ತನಗೆ ತೋಚಿದ ಕಾರಣ ಹುಡುಕಿಕೊಳ್ಳುತ್ತದೆ. ‘ಅವರ ಅಜ್ಜ, ಅಜ್ಜಿಯರನ್ನು ಶಾಲೆಯೊಳಗೆ ಬಿಡುತ್ತಿರಲಿಲ್ಲ, ಬಾವಿಯ ನೀರು ಸೇದಲು ಬಿಡುತ್ತಿರಲಿಲ್ಲ. ಆ ತಪ್ಪನ್ನು ಸರಿಪಡಿಸಲು ಸರ್ಕಾರ ಈಗ ಅವರಿಗೆ ಸಹಾಯ ಮಾಡುತ್ತಿದೆ’ ಎಂದರೆ ಎರಡನೇ ತರಗತಿಯ ಮಗುವಿಗೂ ಅರ್ಥವಾಗುತ್ತದೆ.

– ಶಿಕ್ಷಕರ ತರಬೇತಿಯಲ್ಲಿ ತೊಡಗಿರುವ ಅಧ್ಯಾಪಕರು, ಧಾರವಾಡ