ಹರಿದ ಪುಟಕ್ಕೆ ಸೆಲ್ಲೋಟೇಪ್ ಬೇಡ

ಮಾನ್ಯ ಸಂಪಾದಕರೇ,

ಮೆಚ್ಚಿನ ಪುಸ್ತಕಗಳನ್ನು ಹೊಗಳಿ ಬರೆಯುವವರು ಬಹಳ, ಅವನ್ನು ಉಳಿಸಿಕೊಳ್ಳುವ ಬಗೆ ಹೇಳುವವರು ಕಡಿಮೆ. ಮಕ್ಕಳ ಕಥೆಪುಸ್ತಕ ಹರಿದ ಕೂಡಲೇ ಕೈ ಹೋಗುವುದು ಸೆಲ್ಲೋಟೇಪಿಗೆ. ವರ್ಷಗಳು ಕಳೆದಂತೆ ಪ್ಲಾಸ್ಟಿಕ್ ಪಟ್ಟಿ ಕಳಚಿ ಬೀಳುತ್ತದೆ, ಅಂಟು ಮಾತ್ರ ಕಾಗದದೊಳಗೆ ಇಳಿದು ಕಂದು ಕಲೆಯಾಗಿ ಕೂರುತ್ತದೆ. ಆಮೇಲೆ ಅದನ್ನು ತೆಗೆಯುವುದು ನುರಿತವರಿಗೂ ಕಷ್ಟ.

ಟೇಪಿನ ಬದಲು ಮನೆಯಲ್ಲೇ ಅಂಟು ಮಾಡಿಕೊಳ್ಳಿ. ಒಂದು ಪಾಲು ಗೋಧಿ ಪಿಷ್ಟಕ್ಕೆ ನಾಲ್ಕೈದು ಪಾಲು ನೀರು ಬೆರೆಸಿ, ಸಣ್ಣ ಉರಿಯಲ್ಲಿ ಕೈಬಿಡದೆ ಕದಡುತ್ತ ಗಟ್ಟಿಯಾಗುವವರೆಗೆ ಕಾಯಿಸಿ. ಆರಿದ ಮೇಲೆ ಸೋಸಿ, ಬೇಕಾದಷ್ಟೇ ನೀರು ಸೇರಿಸಿ ಹದಮಾಡಿ. ತೀರಾ ನೀರಾದರೆ ಪುಟ ಸುಕ್ಕಾಗುತ್ತದೆ. ಜಪಾನಿ ಕಾಗದವನ್ನು (ಉದ್ದ ನಾರಿನ, ತೆಳುವಾದರೂ ಗಟ್ಟಿಯಾದ ಕಾಗದ) ಕತ್ತರಿ ಹಾಕದೆ ಕೈಯಲ್ಲೇ ಹರಿದುಕೊಳ್ಳಿ, ಅಂಚಿನ ನಾರು ಪುಟದೊಂದಿಗೆ ಬೆರೆತು ಗೆರೆ ಕಾಣುವುದಿಲ್ಲ. ಆ ಪಟ್ಟಿಗೆ ಅಂಟು ಸವರಿ ಹರಿದ ಜಾಗದ ಮೇಲೆ ಅಂಟಿಸಿ, ಪುಟದ ಎರಡೂ ಬದಿಗೆ ಬಟರ್ ಪೇಪರ್, ಅದರಾಚೆ ತೇವ ಹೀರುವ ಬ್ಲಾಟಿಂಗ್ ಪೇಪರ್ ಇಟ್ಟು ರಾತ್ರಿಯಿಡೀ ಭಾರ ಹೇರಿ.

ಧರ್ಮಗ್ರಂಥದೊಳಗೆ ಹೂವಿಡುವ ಭಕ್ತಿ ದೊಡ್ಡದೇ, ಆದರೆ ಅದರ ತೇವ, ಬಣ್ಣ ಎರಡೂ ಅಕ್ಷರದ ಮೇಲೆ ಇಳಿಯುತ್ತವೆ. ಪುಸ್ತಕಗಳಲ್ಲಿ ಚಿತ್ರಗಳಿಗೆ ಬಳಸುವ ನುಣುಪು ಆರ್ಟ್ ಪೇಪರ್ ನೆನೆದು ಹಾಗೇ ಒಣಗಿದರೆ ಹಾಳೆಗಳು ಇಟ್ಟಿಗೆಯಂತೆ ಅಂಟಿಕೊಳ್ಳುತ್ತವೆ. ಒದ್ದೆಯಿರುವಾಗಲೇ ಹಾಳೆಗಳ ನಡುವೆ ಬಟರ್ ಪೇಪರ್ ಸೇರಿಸಿ. ಕೂಡಲೇ ಆಗದಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಫ್ರೀಜರಿನಲ್ಲಿಡಿ.

– ಒಬ್ಬ ಓದುಗ