ಕಿವಿ ಮಿಷಿನ್ ಮಾರೋರು ಫೋನಿಗೆ ಜೋಡಿಸೋದನ್ನೂ ಕನ್ನಡದಲ್ಲಿ ಹೇಳ್ಕೊಡಲಿ

ಮಾನ್ಯ ಸಂಪಾದಕರೇ,

ನಮ್ಮ ಅಮ್ಮನಿಗೆ ಈಗ 76 ವರ್ಷ. ಹೋದ ವರ್ಷ ಬ್ಲೂಟೂತ್ ಇರೋ ಕಿವಿ ಮಿಷಿನ್ ಹಾಕಿಸಿದ್ವಿ, ಅಂಗಡಿಯವರೇ ಅವತ್ತು ಫೋನಿಗೆ ಪೇರ್ ಮಾಡಿ, ಅಂದ್ರೆ ಜೋಡಿಸಿ ಕೊಟ್ರು, ದಾವಣಗೆರೆಲಿರೋ ಅಕ್ಕ ಫೋನ್ ಮಾಡಿದ್ರೆ ಮಾತು ನೇರ ಕಿವಿಗೇ ಕೇಳ್ತಿತ್ತು, ಅಮ್ಮನ ಮುಖ ನೋಡ್ಬೇಕಿತ್ತು. ಹೋದ ತಿಂಗಳು ಫೋನ್ ತೀರಾ ಸ್ಲೋ ಆಯ್ತು ಅಂತ ಹೊಸದು ತಂದ್ವಿ ನೋಡಿ, ಮಿಷಿನ್ ಅದಕ್ಕೆ ಜೋಡಣೆನೇ ಆಗ್ಲಿಲ್ಲ, ಅವತ್ತಿಂದ ಪರದಾಟ ಶುರು. ಅಂಗಡಿಗೆ ಕೇಳಿದ್ರೆ ಅಮ್ಮನ್ನ ಕರ್ಕೊಂಡು ಬನ್ನಿ ಅಂದ್ರು, ನಮ್ಮ ಹಳ್ಳಿಯಿಂದ ಎರಡು ಬಸ್ ಹತ್ತಿ ಹೋಗ್ಬೇಕು. ಡಬ್ಬಿಲಿದ್ದ ಪುಸ್ತಕ ತೆಗೆದ್ರೆ ಯಾವ್ಯಾವ್ದೋ ದೇಶದ ಭಾಷೆ ಎಲ್ಲಾ ಇದೆ, ಕನ್ನಡ ಮಾತ್ರ ಇಲ್ಲ.

ಮೂರು ದಿನ ಒದ್ದಾಡಿದ್ಮೇಲೆ ಗೊತ್ತಾಯ್ತು. ನಮ್ಮ ಮಿಷಿನ್‌ಗೆ ಪೇರಿಂಗ್ ಬಟನ್ ಅಂತ ಬೇರೆ ಇಲ್ಲ, ಶೆಲ್ ಹಾಕೋ ಪುಟ್ಟ ಬಾಗಿಲನ್ನ ಉಗುರಲ್ಲಿ ತೆಗೆದು ಮತ್ತೆ ಮುಚ್ಚಬೇಕು, ಮುಚ್ಚಿದ್ಮೇಲೆ ಸುಮಾರು ಮೂರು ನಿಮಿಷ ಮಾತ್ರ ಹೊಸ ಫೋನಿಗೆ ಕಾಣುತ್ತೆ, ಆಮೇಲೆ ಎಷ್ಟು ಹುಡುಕಿದ್ರೂ ಸಿಗಲ್ಲ. ಅದೂ ಅಲ್ದೆ ಹಳೇ ಫೋನನ್ನ ಮೊಮ್ಮಗ ಆಟಕ್ಕೆ ಇಟ್ಕೊಂಡಿದ್ದ, ಅದರಲ್ಲಿ ಬ್ಲೂಟೂತ್ ಆನ್ ಇತ್ತು, ಬಾಗಿಲು ಮುಚ್ಚಿದ ತಕ್ಷಣ ಮಿಷಿನ್ ಅದಕ್ಕೇ ಹೋಗಿ ಅಂಟ್ಕೋತಿತ್ತು. ಅದರಲ್ಲಿ ಆ ಜೋಡಣೆ ಅಳಿಸೋ ಫರ್ಗೆಟ್ ಒತ್ತಿದ್ಮೇಲೇ ಹೊಸ ಫೋನಲ್ಲಿ ಬಂದಿದ್ದು. ಮಿಷಿನ್ ಕಂಪನಿಯ ಆ್ಯಪ್ ಬೇರೆ ಪರ್ಮಿಷನ್ ಕೇಳುತ್ತೆ, ಆಂಡ್ರಾಯ್ಡ್ 12ರಿಂದ ಈಚೆಗೆ ನಿಯರ್‌ಬೈ ಡಿವೈಸಸ್ (ಹತ್ತಿರದ ಸಾಧನಗಳು) ಅಂತ, ಅದಕ್ಕಿಂತ ಹಳೇದರಲ್ಲಿ ಲೊಕೇಶನ್, ಬೇಡ ಅಂದ್ರೆ ಅದು ಮಿಷಿನ್ ಹುಡುಕೋದೇ ಇಲ್ಲ. ಮೋಸದ ಆ್ಯಪ್‌ಗಳ ಭಯಕ್ಕೆ ಅಮ್ಮ ಎಲ್ಲದಕ್ಕೂ ಬೇಡ ಅಂತಾನೇ ಒತ್ತಿದ್ರು, ಅವರ ತಪ್ಪಲ್ಲ, ಹಾಗೆ ಹೇಳ್ಕೊಟ್ಟಿದ್ದು ನಾವೇ.

ಇನ್ನೂ ಒಂದು ಮಾತು ಮೊದಲೇ ಯಾರಾದ್ರೂ ಹೇಳ್ಬೇಕಿತ್ತು. ಕೆಲವು ಮಿಷಿನ್‌ಗಳು ಎಲ್ಲಾ ಆಂಡ್ರಾಯ್ಡ್ ಫೋನಿಂದ್ಲೂ ನೇರವಾಗಿ ಮಾತು ತಗೊಳಲ್ಲ, 2019ರಲ್ಲಿ ಆಂಡ್ರಾಯ್ಡ್ 10 ಬಂದಾಗ ಅದಕ್ಕೆ ವ್ಯವಸ್ಥೆ ಮಾಡಿದ್ರೂ ಫೋನ್ ಕಂಪನಿಯವರು ತಮ್ಮ ಫೋನಲ್ಲಿ ಅದನ್ನ ಕೊಟ್ಟಿರಬೇಕು. ನಮ್ಮದು ಹೊಂದ್ಕೊಂಡಿದ್ದು ಅದೃಷ್ಟ, ಫೋನ್ ತಗೊಳೋ ಮುಂಚೆ ನಾವು ಕೇಳಿರಲಿಲ್ಲ.

ಮಿಷಿನ್ ಮಾರೋ ಪ್ರತಿ ಅಂಗಡಿಯವರೂ ದಪ್ಪ ಅಕ್ಷರದ ಒಂದು ಕನ್ನಡ ಹಾಳೆ ಕೊಡಲಿ, ಬಾಗಿಲು ಯಾವುದು, ಎಷ್ಟು ನಿಮಿಷ, ಹಳೇ ಫೋನಲ್ಲಿ ಏನು ಮಾಡ್ಬೇಕು ಅಂತ ಚಿತ್ರ ಹಾಕಿ. ದುಡ್ಡು ತಗೊಳೋ ಮುಂಚೆ ಮನೆಯವರ ಕೈಲೇ ಒಂದ್ಸಲ ಫೋನಿಂದ ಬಿಡಿಸಿ ಮತ್ತೆ ಜೋಡಿಸೋ ಹಾಗೆ ಮಾಡಲಿ, ಅಂಗಡಿಯವರೇ ಮಾಡಿ ತೋರಿಸಿದ್ರೆ ಮನೆಗೆ ಬರೋಷ್ಟರಲ್ಲಿ ಮರೆತು ಹೋಗಿರುತ್ತೆ. ಮೈಸೂರಿನ ವಾಕ್ ಶ್ರವಣ ಸಂಸ್ಥೆಯವರು ಇಂಥ ಹಾಳೆಯ ಒಂದು ಮಾದರಿ ಮಾಡಿಕೊಟ್ರೆ ಎಲ್ಲಾ ಅಂಗಡಿಯವರೂ ಅದನ್ನೇ ಜೆರಾಕ್ಸ್ ಮಾಡಿ ಕೊಡಬಹುದು, ದಯವಿಟ್ಟು ಅವರ ಗಮನಕ್ಕೆ ತನ್ನಿ.

ಇಂತಿ,
ತರೀಕೆರೆ ತಾಲ್ಲೂಕಿನ ಒಬ್ಬ ಓದುಗ