ಪಿಕಪ್ ಬದಲಿಸುವ ಮುನ್ನ ಪಾಟ್ ನೋಡಿ

ಮಾನ್ಯ ಸಂಪಾದಕರೇ,

ಗಣೇಶನ ಹಬ್ಬ ಹತ್ತಿರವಾದರೆ ದಾವಣಗೆರೆಯ ಆರ್ಕೆಸ್ಟ್ರಾ ಹುಡುಗರು ಎಫ್ ಆಕಾರದ ಕಿಂಡಿಯಿರುವ ಸೆಮಿ ಹಾಲೋ (ಅರೆ ಟೊಳ್ಳು) ಎಲೆಕ್ಟ್ರಿಕ್ ಗಿಟಾರ್‌ಗಳನ್ನು ರಿಪೇರಿಗೆ ತರುತ್ತಾರೆ. ಸದ್ದು ಮಂಕು, ನಾಬ್ ತಿರುಗಿಸಿದರೆ ಕರಕರ, ಆದ್ದರಿಂದ ಹೊಸ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಸುರುಳಿ) ಹಾಕಿ ಎನ್ನುತ್ತಾರೆ. ಪಿಕಪ್‌ಗೆ ದುಡ್ಡು ಸುರಿಯುವ ಮೊದಲು ಪಾಟ್ (ನಾಬ್ ಕೆಳಗಿನ, ಸದ್ದು ಮತ್ತು ಟೋನ್ ಹೊಂದಿಸುವ ಭಾಗ), ಜ್ಯಾಕ್ (ಕೇಬಲ್ ಚುಚ್ಚುವ ಜಾಗ), ವೈರ್ ನೋಡಬೇಕು. ಕಿಂಡಿಯಿಂದ ನುಗ್ಗುವ ದೂಳೇ (ಮಂಡಕ್ಕಿ ಭಟ್ಟಿ ಪಕ್ಕದಲ್ಲಿದ್ದರೆ ಮಸಿಯೂ) ಕರಕರಕ್ಕೆ ಎಷ್ಟೋ ಸಲ ಕಾರಣ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಹತ್ತಿಪ್ಪತ್ತು ಸಲ ತಿರುಗಿಸಿ; ಆಗಲೂ ನಿಲ್ಲದಿದ್ದರೆ ಪಾಟ್ ಬದಲಿಸಿ.

ಹಮ್‌ಬಕರ್ (ಎರಡು ಸುರುಳಿಯ) ಪಿಕಪ್‌ಗೆ 500 ಕಿಲೋ ಓಮ್ ಪಾಟ್ ಬೇಕು, 250 ಹಾಕಿದರೆ ಮೇಲಿನ ಸ್ವರಗಳ ಹೊಳಪು ಹೋಗುತ್ತದೆ. ಎ500ಕೆ ಎಂದು ಬರೆದಿರುವುದನ್ನೇ ಕೇಳಿ ತನ್ನಿ. ಬಿ500ಕೆ ಲೀನಿಯರ್, ಅಂದರೆ ತಿರುಗಿಸಿದಷ್ಟೇ ಸಮನಾಗಿ ಬದಲಾಗುವಂಥದ್ದು; ಅದನ್ನು ವಾಲ್ಯೂಮ್‌ಗೆ ಹಾಕಿದರೆ ನಾಬ್‌ನ ಹತ್ತನೇ ಅಂಕದಿಂದ ಮೂರರವರೆಗೆ ಕಿವಿಗೆ ಅಷ್ಟಾಗಿ ಬದಲಾವಣೆ ತಿಳಿಯದೆ ಆಮೇಲೆ ಸದ್ದು ಧಡಕ್ಕನೆ ಇಳಿಯುತ್ತದೆ. ಪಾಟ್‌ಗಳಲ್ಲಿ ಶೇ 20ರಷ್ಟು ಹೆಚ್ಚುಕಡಿಮೆ ಸಾಮಾನ್ಯ, ಮಲ್ಟಿಮೀಟರ್‌ನಲ್ಲಿ ಅಳೆದು 500 ಮೀರಿದ್ದನ್ನು ವಾಲ್ಯೂಮ್‌ಗೆ ಇಟ್ಟುಕೊಳ್ಳಿ. ಟೋನ್ ಪಾಟ್‌ಗೆ 0.022 ಮೈಕ್ರೋಫ್ಯಾರಡ್ ಕೆಪಾಸಿಟರ್, ಮೇಲೆ 223 ಎಂದಿರುತ್ತದೆ. ಸಾಮಾನ್ಯ ಪಾಲಿಯೆಸ್ಟರ್ ಸಾಕು. ದುಬಾರಿ ಆಯಿಲ್ ಕೆಪಾಸಿಟರ್ ಮಾರುವವರ ಮಾತಿಗೆ ಮರುಳಾಗಬೇಡಿ.

ನಿಜವಾದ ಫಜೀತಿ ಇರುವುದು ಒಳಗೆ ತೂರಿಸುವುದರಲ್ಲಿ. 1958ರಲ್ಲಿ ಬಂದ ಗಿಬ್ಸನ್ ಇಎಸ್-335ರಂತೆ ಈ ಜಾತಿಯ ಗಿಟಾರ್‌ಗಳಿಗೆ ನಡುವೆ ಮರದ ದಿಮ್ಮಿ, ಎರಡು ಪಕ್ಕ ಟೊಳ್ಳು. ಹಿಂದೆ ಮುಚ್ಚಳವಿರುವುದು ಅಪರೂಪ, ಎಲ್ಲವೂ ಕಿಂಡಿಯಿಂದಲೇ ಹೋಗಿಬರಬೇಕು. 24 ಮಿ.ಮೀ. ಅಗಲದ ದೊಡ್ಡ ಪಾಟ್ ಕಿಂಡಿಯಲ್ಲಿ ಹಿಡಿಯುತ್ತದೆಯೇ ಎಂದು ಮೊದಲೇ ಅಳೆಯಿರಿ, ಹಿಡಿಯದಿದ್ದರೆ 16 ಮಿ.ಮೀ.ನದು ತನ್ನಿ. ದೊಡ್ಡದಕ್ಕೆ ಎಷ್ಟೋ ಸಲ 9.5 ಮಿ.ಮೀ. ತೂತು ಬೇಕು. ಅಗಲ ಮಾಡಲು ಡ್ರಿಲ್ ಹಚ್ಚಿದರೆ ಪಾಲಿಶ್ ಚಕ್ಕೆಯೇಳುತ್ತದೆ. ಕೈಯಲ್ಲಿ ತಿರುಗಿಸುವ ರೀಮರ್ ಬಳಸಿ.

ಬಿಚ್ಚುವ ಮುನ್ನ ಫೋಟೊ ತೆಗೆದುಕೊಳ್ಳಿ. ನಟ್ ಸಡಿಲಿಸಿ ಪಾಟ್ ಒಳಗೆ ಬೀಳಿಸುವ ಮೊದಲೇ ಪ್ರತಿ ಶಾಫ್ಟ್‌ಗೂ (ನಾಬ್ ಕೂರುವ ಕಡ್ಡಿಗೂ) ಗಟ್ಟಿ ದಾರ ಕಟ್ಟಿ. ವಾಪಸ್ ಎಳೆಯಲು ಆ ದಾರವೇ ಗತಿ. ಜ್ಯಾಕ್‌ಗಾದರೆ ದಾರವನ್ನು ಅದರ ಕೊಳವೆಯಲ್ಲಿ ಹಾಯಿಸಿ ಹಿಂದೆ ದಪ್ಪ ಗಂಟು ಹಾಕಿದರಾಯಿತು. ಗಿಟಾರ್ ಮುಖದ ತೂತುಗಳ ಅಳತೆಗೇ ಒಂದು ರಟ್ಟಿನಲ್ಲಿ ತೂತು ಮಾಡಿ, ಪಾಟ್, ಸ್ವಿಚ್, ಜ್ಯಾಕ್ ಕೂರಿಸಿ, ಬೆಸುಗೆಯೆಲ್ಲ ಹೊರಗೇ ಮುಗಿಸಿ. ವೈರ್ ಬೇಕಾದ್ದಕ್ಕಿಂತ ಮೂರ್ನಾಲ್ಕು ಸೆಂ.ಮೀ. ಹೆಚ್ಚು ಉದ್ದವೇ ಇರಲಿ. ಕಿಂಡಿಗೆ ಅತಿ ದೂರದ ಪಾಟ್ ಮೊದಲು ಒಳಗೆ ಹೋಗಬೇಕು.

ಟೊಳ್ಳಿನೊಳಗೆ ಶೀಲ್ಡಿಂಗ್ (ಹೊರಗಿನ ವಿದ್ಯುತ್ ಗದ್ದಲ ತಡೆಯುವ) ಪೇಂಟ್ ಬಳಿಯಲು ಕೈಯೇ ಹೋಗುವುದಿಲ್ಲ. ಹಾಗಾಗಿ ಹೆಣೆದ ಶೀಲ್ಡ್ ವೈರ್ ಬೇಕೇ ಬೇಕು, ಇಲ್ಲದಿದ್ದರೆ ಪೆಂಡಾಲಿನ ದೀಪಗಳ ಗುಂಯ್‌ಗುಡುವಿಕೆ ಆಂಪ್ಲಿಫೈಯರ್‌ಗೆ ಬರುತ್ತದೆ. ಆದರೆ ಆ ಹೊರ ಹೆಣಿಗೆ ಗ್ರೌಂಡ್ (ಸಿಗ್ನಲ್ ವಾಪಸ್ ಹೋಗುವ ದಾರಿ). ಪಾಟ್‌ನ ಸಿಗ್ನಲ್ ಕಾಲಿಗೆ ತಾಕಿದರೆ ಸದ್ದು ಪೂರ್ತಿ ಬಂದ್. ಹೆಣಿಗೆಯ ಮೇಲೆ ಸ್ಲೀವ್ (ನಿರೋಧಕ ಕೊಳವೆ) ಹಾಕಿ. ಪಾಟ್ ಬೆನ್ನಿಗೆ ವೈರ್ ಬೆಸೆಯಲು 25 ವ್ಯಾಟ್ ಬೆಸುಗೆ ಐರನ್ ಸಾಲದು, 40ರಿಂದ 60 ಇರಲಿ. ಬೆನ್ನನ್ನು ಉಪ್ಪುಕಾಗದದಲ್ಲಿ ಉಜ್ಜಿ ಮೂರ್ನಾಲ್ಕು ಸೆಕೆಂಡಿನಲ್ಲಿ ಮುಗಿಸಿ. ಹೆಚ್ಚು ಕಾಯಿಸಿದರೆ ಒಳಗಿನ ಕಾರ್ಬನ್ ಪಟ್ಟಿ ಕೆಡುತ್ತದೆ.

ಒಳಗೆ ತೂರಿಸುವ ಮೊದಲು ಪಿಕಪ್‌ಗಳನ್ನೂ ಜೋಡಿಸಿ, ವಾಲ್ಯೂಮ್ ಪೂರ್ತಿ ತೆರೆದು, ಜ್ಯಾಕ್‌ಗೆ ಕೇಬಲ್ ಚುಚ್ಚಿ ಅದರ ತುದಿಯಲ್ಲಿ ಮೀಟರ್ ಹಿಡಿಯಿರಿ. 8 ಕಿಲೋ ಓಮ್ ಪಿಕಪ್ ಒಂದನ್ನೇ ಆರಿಸಿದಾಗ ಸುಮಾರು 7.9, ಎರಡೂ ಕೂಡಿದಾಗ 4ರ ಹತ್ತಿರ ಬರಬೇಕು. ಸೊನ್ನೆಯಾದರೆ ಶಾರ್ಟ್. 500ರ ಹತ್ತಿರ ತೋರಿಸಿದರೆ ಪಿಕಪ್ ವೈರ್ ಕೂಡಿಲ್ಲ, ಮೀಟರ್ ಬರೀ ಪಾಟನ್ನು ಅಳೆಯುತ್ತಿದೆ. ಏನೂ ತೋರಿಸದಿದ್ದರೆ ಸ್ವಿಚ್ ಅಥವಾ ಜ್ಯಾಕ್ ನೋಡಿ. ಜ್ಯಾಕ್‌ಗೆ ಹಲ್ಲಿನ ವಾಷರ್ ಹಾಕದೆ ಬಿಟ್ಟರೆ ನಟ್ ಸಡಿಲವಾಗಿ, ಜ್ಯಾಕ್ ಗಿರಗಿರ ತಿರುಗಿ ವೈರ್ ಕಿತ್ತುಬರುತ್ತದೆ.

ಟೇಲ್‌ಪೀಸ್‌ನ (ತಂತಿಗಳ ಬುಡ ಸಿಕ್ಕಿಸುವ ಲೋಹದ ಭಾಗದ) ಗ್ರೌಂಡ್ ವೈರ್ ಮರೆಯಬಾರದು. ತಂತಿ ಮುಟ್ಟಿದಾಗ ಗುಂಯ್ ತಗ್ಗಿದರೆ ಅದು ಸರಿಯಿದೆ. ಹೆಚ್ಚಾದರೆ ಜ್ಯಾಕ್‌ನಲ್ಲಿ ಎರಡು ವೈರ್ ಅದಲುಬದಲಾಗಿವೆ. ಆದರೆ ಇದೇ ವೈರ್ ತಂತಿಗಳನ್ನು ಆಂಪ್ಲಿಫೈಯರ್‌ನ ಅರ್ತಿಂಗ್‌ಗೆ ಜೋಡಿಸುವುದರಿಂದ, ಪೆಂಡಾಲಿನ ಅರ್ತಿಂಗ್ ಕೆಟ್ಟಿದ್ದರೆ ಮೈಕ್‌ಗೆ ತುಟಿ ತಾಗಿಸಿದವರಿಗೆ ಶಾಕ್ ಹೊಡೆಯುತ್ತದೆ. ಕಾರ್ಯಕ್ರಮಕ್ಕೆ ಮುಂಚೆ ಗಿಟಾರ್ ತಂತಿಗೂ ಮೈಕ್‌ಗೂ ನಡುವೆ ಎಸಿ ವೋಲ್ಟ್ ಅಳೆಯಿರಿ. ಹತ್ತಾರು ವೋಲ್ಟ್ ತೋರಿಸಿದರೆ ಅರ್ತಿಂಗ್ ಸರಿಯಾಗುವವರೆಗೆ ಗಿಟಾರ್ ಮುಟ್ಟಬೇಡಿ. ಉತ್ಸವ ಸಮಿತಿಯವರು ಎಲೆಕ್ಟ್ರಿಷಿಯನ್‌ಗೆ ಇದನ್ನೂ ಒಪ್ಪಿಸಲಿ.

ಇಷ್ಟು ಮಾಡಿಯೂ ಜೋರು ಸದ್ದಿನಲ್ಲಿ ಪಿಕಪ್ ಕೀರಿಟ್ಟರೆ ಆಗ ಹೊಸದರ ಮಾತು. ನಮ್ಮೂರ ಎಲೆಕ್ಟ್ರಾನಿಕ್ಸ್ ಅಂಗಡಿಯವರಲ್ಲಿ ಒಂದು ವಿನಂತಿ: ಬಿ500ಕೆ ಜೊತೆ ಎ500ಕೆ ಕೂಡ ತರಿಸಿಡಿ, ನಾಲ್ಕು ಪಾಟ್‌ಗಾಗಿ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗುವುದು ತಪ್ಪುತ್ತದೆ.

– ಗಿಟಾರ್ ರಿಪೇರಿ ಮಾಡುವವರು, ದಾವಣಗೆರೆ